359 ದಿನದ ಪ್ರಧಾನಿ ಮತ್ತು ಲಕ್ಕಿ ಬರಲು

ಸ್ವೀಡನ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ ಎರಡು. ಒಂದು ನೊಬೆಲ್ ಪ್ರಶಸ್ತಿ, ಇನ್ನೊಂದು ಬೋಫೋರ್ಸ್ ತೋಪು. ಅಲ್ಲಿನ ಒಬ್ಬ ಪ್ರಧಾನಿಯ ಹೆಸರು ಹೇಳಿ ನೋಡೋಣ ಅಂದರೆ, ಸ್ವಲ್ಪ ಪೇಪರ್ ಓದುವ ಚಟ ಇದ್ದವರು ಓಲೋಫ್ ಪಾಲ್ಮೆ ಅಂದಾರು. 1986ರ ಫೆಬ್ರವರಿ 28ರ ರಾತ್ರಿ ಸಿನಿಮಾ ಮುಗಿಸಿ ಹೆಂಡತಿಯ ಜೊತೆ ನಡೆದು ಹೋಗುತ್ತಿದ್ದಾಗ ಗುಂಡೇಟಿಗೆ ಬಲಿಯಾದ ಪ್ರಧಾನಿ. ಅಂಗರಕ್ಷಕರೂ ಇಲ್ಲದೆ ಪ್ರಧಾನಿ ಸಿನಿಮಾಕ್ಕೆ ಹೋಗುತ್ತಾರಾ ಅಂತ ನಾವೆಲ್ಲ ಆಗ ಬಾಯಿ ಬಿಟ್ಟಿದ್ದೆವು.

ನಾನು ಇವತ್ತು ಹೇಳಹೊರಟಿರುವುದು ಪಾಲ್ಮೆ ಬಗ್ಗೆ ಅಲ್ಲ. ಅವರ ಎರಡು ಅವಧಿಗಳ ನಡುವೆ ಒಂದು ವರ್ಷವೂ ತುಂಬದಷ್ಟು ಕಾಲ ಪ್ರಧಾನಿಯಾಗಿದ್ದ ಒಬ್ಬರ ಬಗ್ಗೆ. ಹೆಸರು ಓಲಾ ಉಲ್‌ಸ್ಟೆನ್. 1978ರ ಅಕ್ಟೋಬರ್ 18ರಿಂದ 1979ರ ಅಕ್ಟೋಬರ್ 12ರವರೆಗೆ. ಲೆಕ್ಕ ಹಾಕಿದರೆ 359 ದಿನ. ವರ್ಷಾಬ್ದಿಕಕ್ಕೂ ಒಂದು ವಾರ ಕಮ್ಮಿ!

ಈ ಮನುಷ್ಯ ನನಗೆ ಸಿಕ್ಕಿದ್ದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಅವರು ಕುರ್ಚಿ ಏರಿದ ಕಥೆ ಕೇಳಿ, ಅದೇ ಒಂದು ತಮಾಷೆ.

ಸ್ವೀಡನ್ನಿನಲ್ಲಿ ಸೋಶಿಯಲ್ ಡೆಮಾಕ್ರಾಟರು 1930ರ ದಶಕದಿಂದ ಆಳುತ್ತಾ ಬಂದಿದ್ದರು. ಟಾಗೆ ಎರ್ಲಾಂಡರ್ ಅನ್ನುವ ಪ್ರಧಾನಿ ಒಬ್ಬರೇ 1946ರಿಂದ 1969ರವರೆಗೆ, ಅಂದರೆ 23 ವರ್ಷ ಕೂತಿದ್ದರು. ಅಂಥ ಪಕ್ಷ 1976ರ ಚುನಾವಣೆಯಲ್ಲಿ ಸೋತಿತು. ಸೆಂಟರ್, ಮಾಡರೇಟ್, ಲಿಬರಲ್ (ಅವರ ಭಾಷೆಯಲ್ಲಿ ಫೋಲ್ಕ್‌ಪಾರ್ಟಿಯೆಟ್, ಜನರ ಪಕ್ಷ) ಈ ಮೂರೂ ಸೇರಿ ಸರ್ಕಾರ ಮಾಡಿದವು. ಪ್ರಧಾನಿ ಆದದ್ದು ಸೆಂಟರ್ ಪಕ್ಷದ ಥೋರ್ಬ್ಯೋರ್ನ್ ಫೆಲ್ದಿನ್, ಕುರಿ ಸಾಕುವ ರೈತ. ನಮ್ಮ 1977ರ ಜನತಾ ಸರ್ಕಾರವನ್ನು ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಅದೇ ಖುಷಿ, ಆಮೇಲೆ ಅದೇ ಕಿತ್ತಾಟ. ನಮ್ಮಲ್ಲಿ ಜಗಳಕ್ಕೆ ಕಾರಣಗಳು ಹತ್ತಾರು ಇದ್ದವು. ಅಲ್ಲಿ ಮುಖ್ಯವಾಗಿ ಒಂದೇ, ಅಣುವಿದ್ಯುತ್. ಫೆಲ್ದಿನ್‌ಗೆ ಅದು ಸುತಾರಾಂ ಬೇಡ, ಜೊತೆಗಿದ್ದ ಇಬ್ಬರಿಗೆ ಬೇಕು. ಎರಡು ವರ್ಷ ಎಳೆದಾಡಿ 1978ರ ಅಕ್ಟೋಬರ್ 5ರಂದು ಫೆಲ್ದಿನ್ ರಾಜೀನಾಮೆ ಕೊಟ್ಟರು.

ಈಗ ಯಾರು? ಆಗಲೇ ನೋಡಿ, ಉಲ್‌ಸ್ಟೆನ್ ಹೆಸರು ಬಂತು. ಅದೇ ವರ್ಷ ಲಿಬರಲ್ ಪಕ್ಷದ ನಾಯಕ ಪೇರ್ ಆಲ್‌ಮಾರ್ಕ್ ಕೆಳಗಿಳಿದಿದ್ದರಿಂದ ಪಕ್ಷದ ಚುಕ್ಕಾಣಿ ಇವರ ಕೈಗೆ ಬಂದಿತ್ತು. ವಯಸ್ಸು 47. ಪಾರ್ಲಿಮೆಂಟಿನಲ್ಲಿ (ಅದಕ್ಕೆ ರಿಕ್ಸ್‌ದಾಗ್ ಅನ್ನುತ್ತಾರೆ) ಒಟ್ಟು 349 ಸೀಟು, ಇವರ ಪಕ್ಷದ್ದು 39. ನಮ್ಮ ದೇವೇಗೌಡರು 1996ರಲ್ಲಿ ಪ್ರಧಾನಿ ಆದಾಗ ಜನತಾದಳದ ಸೀಟು 46 ಇದ್ದವು. ಆದರೆ ಗೌಡರ ಹಿಂದೆ ಹತ್ತಾರು ಪಕ್ಷಗಳ ಸಂಯುಕ್ತ ರಂಗ ಇತ್ತು, ಹೊರಗಿನಿಂದ ಕಾಂಗ್ರೆಸ್ಸಿನ ಬೆಂಬಲ ಇತ್ತು. ಉಲ್‌ಸ್ಟೆನ್ ತಮ್ಮ 39 ಜನರನ್ನೇ ನಂಬಿಕೊಂಡು, ತಮ್ಮ ಪಕ್ಷದವರು ಮತ್ತು ಯಾವ ಪಕ್ಷಕ್ಕೂ ಸೇರದ ಕೆಲವರನ್ನು ಇಟ್ಟುಕೊಂಡು ಸರ್ಕಾರ ಮಾಡಿದರು.

ಅದು ಹೇಗೆ ಸಾಧ್ಯ ಅಂತ ನೀವು ಕೇಳಬಹುದು. ನನಗೂ ಅರ್ಥ ಆಗಲು ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿ ಸ್ಪೀಕರ್ ಒಬ್ಬರ ಹೆಸರು ಮುಂದಿಡುತ್ತಾರೆ. ಸದನವನ್ನು "ಇವರು ಬೇಕು ಅನ್ನುವವರು ಎಷ್ಟು?" ಅಂತ ಕೇಳುವುದಿಲ್ಲ. "ಇವರು ಬೇಡ ಅನ್ನುವವರು ಅರ್ಧಕ್ಕಿಂತ ಹೆಚ್ಚಿದ್ದಾರಾ?" ಅಂತ ನೋಡುತ್ತಾರೆ. ಬೇಡ ಅನ್ನುವ ಮತ 175 ಆಗದಿದ್ದರೆ ಆತ ಪ್ರಧಾನಿ. ಮದುವೆ ಮನೆಯಲ್ಲಿ ಒಪ್ಪಿಗೆ ಕೇಳುವುದು ಬೇರೆ, ಆಕ್ಷೇಪ ಇದ್ದವರು ಈಗಲೇ ಹೇಳಿ ಅನ್ನುವುದು ಬೇರೆ, ಅಲ್ವೇ? ಹಾಗೆ. ಉಲ್‌ಸ್ಟೆನ್‌ಗೆ ಬಿದ್ದ ಮತ ಇಷ್ಟು. ಬೇಕು 39, ಬೇಡ 66, ನಮ್ಮದೇನೂ ಇಲ್ಲ ಅಂತ ಸುಮ್ಮನೆ ಕೂತವರು 215! ಬೇಕು ಅಂದವರಿಗಿಂತ ಬೇಡ ಅಂದವರು ಜಾಸ್ತಿ, ಅವರಿಬ್ಬರಿಗಿಂತ ಸುಮ್ಮನಿದ್ದವರು ಜಾಸ್ತಿ. ನಮ್ಮ ಲೋಕಸಭೆಯಲ್ಲಿ ತಟಸ್ಥರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇದೇ ಅಂಕಿ ಬಂದಿದ್ದರೆ ಸರ್ಕಾರ ಅಲ್ಲೇ ಮಕಾಡೆ ಮಲಗುತ್ತಿತ್ತು. ಅಲ್ಲಿ ಉಲ್‌ಸ್ಟೆನ್ ಪ್ರಧಾನಿ ಆದರು.

(ಈ ನಿಯಮದ ಇನ್ನೊಂದು ಮೋಜು 2021ರಲ್ಲಿ ನಡೆಯಿತು. ಮಗ್ದಲೀನಾ ಆಂಡರ್ಸನ್ ಅನ್ನುವವರಿಗೆ ಬೇಡ ಅಂತ ಬಿದ್ದದ್ದು 174 ಮತ. ಒಂದೇ ಒಂದು ಕಮ್ಮಿ ಆಗಿ ಅವರು ಸ್ವೀಡನ್ನಿನ ಮೊದಲ ಮಹಿಳಾ ಪ್ರಧಾನಿಯಾಗಿ ಆಯ್ಕೆಯಾದರು. ಜೊತೆಗಿದ್ದ ಪಕ್ಷ ಬಿಟ್ಟು ಹೋಗಿದ್ದರಿಂದ ಸುಮಾರು ಏಳು ಗಂಟೆಯಲ್ಲೇ ರಾಜೀನಾಮೆ ಕೊಟ್ಟರು. ಮತ್ತೆ ಐದು ದಿನ ಬಿಟ್ಟು ಆಯ್ಕೆಯಾದರು. ಉಲ್‌ಸ್ಟೆನ್ ಅವರದು ಅದಕ್ಕೆ ಹೋಲಿಸಿದರೆ ದೀರ್ಘಾಯುಷ್ಯವೇ.)

ಈಗ ಈ ಮನುಷ್ಯ ಯಾರು ಅಂತ ಸ್ವಲ್ಪ. ಹುಟ್ಟಿದ್ದು 1931ರ ಜೂನ್ 23ರಂದು, ಉಮೆಓ ಎಂಬ ಊರಿನಲ್ಲಿ. ಸ್ವೀಡನ್ನಿನ ನಕಾಶೆ ನೋಡಿದರೆ ಸ್ಟಾಕ್‌ಹೋಮ್ ಕೆಳಗೆಲ್ಲೋ ಇರುತ್ತದೆ, ಉಮೆಓ ಆರುನೂರು ಕಿಲೋಮೀಟರಿಗೂ ಮೇಲೆ, ಉತ್ತರಕ್ಕೆ, ಚಳಿ ಮತ್ತು ಕಾಡಿನ ಕಡೆಗೆ. ಬರ್ಚ್ ಮರಗಳ ಊರು ಅಂತಲೇ ಅದಕ್ಕೆ ಹೆಸರು. 1888ರ ದೊಡ್ಡ ಬೆಂಕಿಯಲ್ಲಿ ಊರು ಸುಟ್ಟು ಹೋದ ಮೇಲೆ ಮತ್ತೆ ಬೆಂಕಿ ಹರಡದಿರಲಿ ಅಂತ ರಸ್ತೆ ರಸ್ತೆಗೂ ಬರ್ಚ್ ನೆಟ್ಟರಂತೆ. ಅಂಥ ಊರಿನ ಹುಡುಗ ರಾಜಧಾನಿಗೆ ಬಂದ, ಲಿಬರಲ್ ಪಕ್ಷದ ಯುವಘಟಕದ ಅಧ್ಯಕ್ಷನಾದ, 1965ರಲ್ಲಿ ಪಾರ್ಲಿಮೆಂಟಿಗೆ ಬಂದ. 1976ರ ಸರ್ಕಾರದಲ್ಲಿ ಬಡ ದೇಶಗಳಿಗೆ ನೆರವು ಕೊಡುವ ಖಾತೆಯ ಮಂತ್ರಿ. ಆಗ ಸ್ವೀಡನ್ನಿನ ನೆರವು ಪಡೆಯುತ್ತಿದ್ದ ದೇಶಗಳ ಪೈಕಿ ನಮ್ಮದೂ ಒಂದು. ಊರು ಬಿಟ್ಟು ರಾಜಧಾನಿಗೆ ಬಂದು ಸೇರಿಕೊಂಡವರು ಅಂದರೆ ನಮ್ಮಂಥವರಿಗೆ ಒಂದು ಸಲಿಗೆ ಬಂದುಬಿಡುತ್ತದೆ, ಏನು ಮಾಡುವುದು!

ಇಷ್ಟೂ ಕಡಿಮೆ ಬೆಂಬಲ ಇರುವ ಸರ್ಕಾರ ಏನು ಮಾಡಬಹುದು? ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಒಮ್ಮೆ ಒಂದು ಶಾಖೆಯಲ್ಲಿ ಮ್ಯಾನೇಜರ್ ವರ್ಗವಾಗಿ ಹೋಗಿ, ಹೊಸಬರು ಬರುವ ತನಕ ಹನ್ನೊಂದು ತಿಂಗಳು ನನ್ನನ್ನೇ 'ಆಫಿಷಿಯೇಟಿಂಗ್' ಅಂತ ಕೂರಿಸಿದ್ದರು. ಮೊದಲ ದಿನವೇ ಹಳೆಯ ಹೆಡ್ ಕ್ಲಾರ್ಕ್ ಕ್ಯಾಬಿನ್ನಿಗೆ ಬಂದು ಮರಾಠಿಯಲ್ಲಿ ಬುದ್ಧಿ ಹೇಳಿದರು. ಅದರ ಸಾರಾಂಶ ಇಷ್ಟು: ರಜಾ ಅರ್ಜಿಗೆ ಸಹಿ ಹಾಕಿ, ದೊಡ್ಡ ಫೈಲುಗಳನ್ನು ಬೀರುವಿನಲ್ಲಿಡಿ, ಪರ್ಮನೆಂಟ್ ಸಾಹೇಬರು ಬಂದು ನೋಡಿಕೊಳ್ಳುತ್ತಾರೆ. ಸರ್ಕಾರಿ ಕಚೇರಿ, ಬ್ಯಾಂಕು, ಶಾಲೆ, ಎಲ್ಲ ಕಡೆ ಪ್ರಭಾರದಲ್ಲಿರುವವರಿಗೆ ಇದೇ ಉಪದೇಶ. ನಾನು ಅಷ್ಟರಲ್ಲಿ ಮಾಡಿದ್ದು ಒಂದೇ ಕೆಲಸ. ಪಿಂಚಣಿದಾರರ ಕೌಂಟರನ್ನು ಮೊದಲ ಮಹಡಿಯಿಂದ ಕೆಳಗೆ ಇಳಿಸಿದೆ, ಎದುರಿಗೆ ಒಂದು ಬೆಂಚು ಹಾಕಿಸಿದೆ. ಅದಕ್ಕೇ ನಾಲ್ಕು ಪತ್ರ ಬರೆಯಬೇಕಾಯಿತು. ಹಾಗಾಗಿ ಕೈಯಲ್ಲಿ ಬಲವಿಲ್ಲದ, ನಾಳೆ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಕುರ್ಚಿಯಲ್ಲಿ ಕೂತವರು ಏನು ಮಾಡಿದರು ಅನ್ನುವುದರಲ್ಲಿ ನನಗೆ ವಿಶೇಷ ಆಸಕ್ತಿ.

ಉಲ್‌ಸ್ಟೆನ್ ಅವರ ಆ ವರ್ಷದಲ್ಲಿ ಆದದ್ದರಲ್ಲಿ ಒಂದು ಕೆಲಸ ಇವತ್ತಿಗೂ ಉಳಿದಿದೆ. ಅದೇ ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋಗಿದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ಡೊಂಬಿವಲಿ ಕಡೆಯ ಒಂದು ಕನ್ನಡ ಕಾರ್ಯಕ್ರಮದಲ್ಲಿ ಅತಿಥಿಗಳೊಬ್ಬರು ಭಾಷಣ ಮಾಡುತ್ತಿದ್ದರು. ಈಗಿನ ಮಕ್ಕಳಿಗೆ ಭಯ ಇಲ್ಲ, ಭಕ್ತಿ ಇಲ್ಲ. ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತ ಹಿಡಿದರೆ ಚಡ್ಡಿ ಒದ್ದೆ ಆಗುತ್ತಿತ್ತು, ಅದಕ್ಕೇ ನಾವೆಲ್ಲ ಉದ್ಧಾರ ಆಗಿ ಮುಂಬಯಿಯಲ್ಲಿ ಫ್ಲ್ಯಾಟು ಮಾಡಿಕೊಂಡಿದ್ದೇವೆ, ದಂಡಂ ದಶಗುಣಂ! ಸಭೆಯಲ್ಲಿ ಜೋರು ಚಪ್ಪಾಳೆ. ನನ್ನ ಪಕ್ಕದಲ್ಲಿ ಕೂತಿದ್ದ ಸ್ನೇಹಿತರೊಬ್ಬರು ಮಾತ್ರ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಕಥೆ ನನಗೆ ಗೊತ್ತಿತ್ತು. ಹನ್ನೊಂದನೇ ವಯಸ್ಸಿಗೆ ಅಪ್ಪನ ಏಟು ತಡೆಯಲಾರದೆ ಊರಿನವರೊಬ್ಬರ ಹಿಂದೆ ಬಸ್ಸು ಹತ್ತಿ ಬಂದವರು. ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದವರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರನ್ನು ಕೇಳಿ ನೋಡಿ, ಇಂಥ ಕಥೆ ಒಂದಲ್ಲ ಎರಡಲ್ಲ. ಹೊಟ್ಟೆಪಾಡಿಗೆ ಬಂದವರು ಎಷ್ಟೋ, ಏಟು ತಪ್ಪಿಸಿಕೊಳ್ಳಲು ಬಂದವರೂ ಅಷ್ಟೇ.

ಅವತ್ತು ರಾತ್ರಿ ಮನೆಗೆ ಬಂದು, ಮಕ್ಕಳಿಗೆ ಹೊಡೆಯಬಾರದು ಅಂತ ಮೊದಲು ಕಾನೂನು ಮಾಡಿದವರು ಯಾರು ಅಂತ ಹುಡುಕಿದೆ. ಸ್ವೀಡನ್. 1979. ಶಾಲೆಯಲ್ಲಿ ಮಾತ್ರ ಅಲ್ಲ, ಮನೆಯಲ್ಲೂ ಹೊಡೆಯುವಂತಿಲ್ಲ. ಅಪ್ಪ ಅಮ್ಮನೂ ಹೊಡೆಯುವಂತಿಲ್ಲ. ಲೋಕದಲ್ಲೇ ಮೊದಲು. ಆಗ ಪ್ರಧಾನಿ ಯಾರು ಅಂತ ನೋಡಿದರೆ ನಾನು ಎಂದೂ ಕೇಳಿರದ ಈ ಹೆಸರು.

ನಿಜ ಹೇಳಬೇಕೆಂದರೆ ಇದನ್ನು ಉಲ್‌ಸ್ಟೆನ್ ಒಬ್ಬರೇ ಮಾಡಿದರು ಅನ್ನುವಂತಿಲ್ಲ. ಇದಕ್ಕೆ ಹಿಂದಿನ ಇಪ್ಪತ್ತು ವರ್ಷದ ತಯಾರಿ ಇತ್ತು. 1958ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಬೆತ್ತ ನಿಂತಿತ್ತು. 1966ರಲ್ಲಿ, ತಂದೆತಾಯಿಗಳಿಗೆ ಹೊಡೆಯುವ ಹಕ್ಕಿದೆ ಅನ್ನುವ ಮಾತನ್ನು ಕಾನೂನಿನಿಂದ ತೆಗೆದಿದ್ದರು. ಆದರೂ 1960ರ ದಶಕದ ನಡುವಿನಲ್ಲಿ ಅಲ್ಲಿನ ಅರ್ಧಕ್ಕೂ ಹೆಚ್ಚು ಜನ ಮಕ್ಕಳಿಗೆ ಆಗಾಗ ಏಟು ಬೇಕೇ ಬೇಕು ಅನ್ನುತ್ತಿದ್ದರಂತೆ. ಅವರೂ ನಮ್ಮ ಹಾಗೇ ಇದ್ದರು! 1970ರ ದಶಕದ ಆರಂಭದಲ್ಲಿ ಮಲತಂದೆಯ ಏಟಿಗೆ ಒಂದು ಪುಟ್ಟ ಹುಡುಗಿ ಸತ್ತು ಹೋದ ಪ್ರಕರಣ ಆ ದೇಶವನ್ನು ಅಲ್ಲಾಡಿಸಿತು. 1977ರಲ್ಲಿ, ಅಂದರೆ ಫೆಲ್ದಿನ್ ಕಾಲದಲ್ಲಿ, ಮಕ್ಕಳ ಹಕ್ಕುಗಳ ಬಗ್ಗೆ ಒಂದು ಸಮಿತಿ ಕೂತಿತು. ಅದು ಹೊಡೆತವನ್ನು ಸ್ಪಷ್ಟವಾಗಿ ನಿಷೇಧಿಸಿ ಅಂತ ಹೇಳಿತು. ಆ ಫೈಲು ಉಲ್‌ಸ್ಟೆನ್ ಸರ್ಕಾರದ ಮುಂದಿತ್ತು. 39 ಸೀಟಿನ ಸರ್ಕಾರ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮುಂದೆ ಬರುವವರು ನೋಡಿಕೊಳ್ಳಲಿ ಅನ್ನಬಹುದಿತ್ತು. ಅನ್ನಲಿಲ್ಲ. 1979ರ ಮಾರ್ಚಿನಲ್ಲಿ ಅದು ಪಾರ್ಲಿಮೆಂಟಿನಲ್ಲಿ ಪಾಸಾಯಿತು, ವಿರೋಧಿಸಿದವರು ಬೆರಳೆಣಿಕೆಯಷ್ಟು ಮಂದಿ. ತನಗೆ ಅಂತ 39 ಮತ ಗಿಟ್ಟಿಸಿದ ಪ್ರಧಾನಿಯ ಸರ್ಕಾರಕ್ಕೆ ಈ ಒಂದು ವಿಷಯದಲ್ಲಿ ಹೆಚ್ಚುಕಮ್ಮಿ ಇಡೀ ಸದನ ಕೈ ಎತ್ತಿತು.

ಇದೇ ಹೊತ್ತಿನಲ್ಲಿ ಇನ್ನೊಬ್ಬರು ಬರುತ್ತಾರೆ. ಪಿಪ್ಪಿ ಲಾಂಗ್‌ಸ್ಟಾಕಿಂಗ್ ಅನ್ನುವ ಎರಡು ಜಡೆಯ ತುಂಟಿಯ ಕಥೆಗಳನ್ನು ಬರೆದ ಆಸ್ಟ್ರಿಡ್ ಲಿಂಡ್‌ಗ್ರೆನ್. 1976ರಲ್ಲಿ ತನ್ನ ಆದಾಯದ ಮೇಲೆ ಶೇಕಡಾ 102 ತೆರಿಗೆ ಬೀಳುತ್ತದೆ ಅಂತ ತಿಳಿದು ಪೇಪರಿನಲ್ಲಿ ಒಂದು ಮಕ್ಕಳ ಕಥೆಯ ಧಾಟಿಯ ವಿಡಂಬನೆ ಬರೆದು, ಆ ವರ್ಷ ಸೋಶಿಯಲ್ ಡೆಮಾಕ್ರಾಟರು ಸೋಲುವುದಕ್ಕೆ ಒಂದು ಕೈ ಕೊಟ್ಟವರು. ಉಲ್‌ಸ್ಟೆನ್ ಪ್ರಧಾನಿಯಾದ ನಾಲ್ಕನೇ ದಿನಕ್ಕೆ, 1978ರ ಅಕ್ಟೋಬರ್ 22ರಂದು, ಆಕೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಪುಸ್ತಕ ವ್ಯಾಪಾರಿಗಳ ಶಾಂತಿ ಪ್ರಶಸ್ತಿ ಪಡೆದು ಭಾಷಣ ಮಾಡಿದರು. ಭಾಷಣದ ಪ್ರತಿ ಮೊದಲೇ ನೋಡಿದ ಸಂಘಟಕರು, ಭಾಷಣ ಬೇಡ, ಪ್ರಶಸ್ತಿ ತೆಗೆದುಕೊಂಡು ಹೋಗಿ ಅಂದರಂತೆ. ಹಾಗಾದರೆ ನಾನು ಬರುವುದೇ ಇಲ್ಲ ಅಂದರಂತೆ ಅಜ್ಜಿ. ಆಗ ಆಕೆಗೆ ಎಪ್ಪತ್ತು.

ಆ ಭಾಷಣದಲ್ಲಿ ಆಕೆ ಹೇಳಿದ ಒಂದು ಘಟನೆ ಹೀಗಿದೆ. ಒಬ್ಬ ತಾಯಿ, ಮಗ ಏನೋ ತಪ್ಪು ಮಾಡಿದ ಅಂತ, ಹೊಡೆಯುವುದಕ್ಕೆ ನೀನೇ ಹೋಗಿ ಒಂದು ಬರಲು ಹುಡುಕಿಕೊಂಡು ಬಾ ಅಂತ ಕಳಿಸುತ್ತಾಳೆ. ಹುಡುಗ ತುಂಬಾ ಹೊತ್ತು ಬರುವುದಿಲ್ಲ. ಕೊನೆಗೆ ಅಳುತ್ತಾ ಬರುತ್ತಾನೆ. ಕೋಲು ಸಿಗಲಿಲ್ಲ, ಈ ಕಲ್ಲು ತಂದಿದ್ದೇನೆ, ಇದನ್ನು ನನ್ನ ಮೇಲೆ ಎಸೆಯಬಹುದು ಅನ್ನುತ್ತಾನೆ. ಅಮ್ಮನಿಗೆ ನೋವು ಮಾಡುವುದೇ ಬೇಕಾಗಿದೆ ಅಂದ ಮೇಲೆ ಕೋಲಾದರೇನು ಕಲ್ಲಾದರೇನು ಅಂತ ಅವನ ಲೆಕ್ಕ. ಆ ತಾಯಿ ಅವನನ್ನು ತಬ್ಬಿಕೊಂಡು ಅತ್ತು, ಆ ಕಲ್ಲನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಇಟ್ಟುಕೊಳ್ಳುತ್ತಾಳೆ.

ಓದಿ ನಾನು ಸುಮ್ಮನೆ ಕೂತೆ. ಯಾಕೆಂದರೆ ಕೋಲು ತರುವುದಕ್ಕೆ ನನ್ನನ್ನೂ ಕಳಿಸುತ್ತಿದ್ದರು.

ನಮ್ಮೂರ ಶಾಲೆಯಲ್ಲಿ ಅದೊಂದು ಪದ್ಧತಿ. ಮೇಷ್ಟ್ರ ಮೇಜಿನ ಮೇಲೆ ಅಡಿಕೋಲು ಯಾವಾಗಲೂ ಇರುತ್ತಿತ್ತು, ಅದು ಬೆರಳ ಗಂಟಿಗೆ. ದೊಡ್ಡ ತಪ್ಪಿಗೆ ಬರಲು ಬೇಕು, ಅದನ್ನು ಏಟು ತಿನ್ನುವವನೇ ತರಬೇಕು. ಶಾಲೆಯ ಹಿಂದೆ ತೋಡಿನ ಬದಿಯಲ್ಲಿ ಲಕ್ಕಿ ಗಿಡಗಳ ಸಾಲಿತ್ತು. ಅದರಲ್ಲಿ ಆರಿಸುವುದೇ ಒಂದು ವಿದ್ಯೆ. ತೀರಾ ಸಪೂರದ್ದು ತಂದರೆ ಚರ್ಮ ಸೀಳುತ್ತದೆ. ತೀರಾ ದಪ್ಪದ್ದು ತಂದರೆ ಮೂಳೆಗೆ ತಾಗುತ್ತದೆ. ಒಣಗಿದ್ದು ತಂದರೆ ಮುರಿಯುತ್ತದೆ, ಆಗ ಮತ್ತೊಂದು ತರಲು ಓಡಬೇಕು, ಏಟಿನ ಲೆಕ್ಕ ಮೊದಲಿನಿಂದ ಶುರು. ಹತ್ತು ಹನ್ನೆರಡು ವರ್ಷದ ನಾವು ಕಂಪೌಂಡಿನ ಹೊರಗೆ ನಿಂತು, ಗುಣಿಸುವ ಲೆಕ್ಕಕ್ಕೂ ಹಾಕದಷ್ಟು ತಲೆ ಅದಕ್ಕೆ ಹಾಕುತ್ತಿದ್ದೆವು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ ಒಬ್ಬನಿದ್ದ, ಲೆಕ್ಕ ಬಾರದವನು. ವಾರಕ್ಕೆ ನಾಲ್ಕು ಸಲವಾದರೂ ಅವನ ಪಾಳಿ. ಒಂದು ದಿನ ಬರಲು ತರಲು ಹೋದವನು ವಾಪಸ್ಸು ಬರಲಿಲ್ಲ. ಮಧ್ಯಾಹ್ನ ಅವನ ಪುಸ್ತಕದ ಚೀಲವನ್ನು ಮನೆಗೆ ಮುಟ್ಟಿಸಿದವನು ನಾನೇ. ಅವನು ಮತ್ತೆ ಶಾಲೆಗೆ ಬರಲೇ ಇಲ್ಲ. ಮೊದಲು ಯಾರದ್ದೋ ತೋಟದಲ್ಲಿ ಕೆಲಸಕ್ಕಿದ್ದ ಅಂತ ಕೇಳಿದೆ, ಆಮೇಲೆ ಘಟ್ಟದ ಮೇಲೆ ಹೋದ ಅಂತ. ಆಮೇಲೆ ಯಾರೂ ಏನೂ ಹೇಳಲಿಲ್ಲ.

ಆ ವರ್ಷ ನಾನು ಏಳನೇ ಕ್ಲಾಸು. ಅಂದರೆ 1979. ಸ್ವೀಡನ್ನಿನ ಆ ಕಾನೂನು ಜಾರಿಗೆ ಬಂದದ್ದು 1979ರ ಜುಲೈ 1ರಂದು. ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ, ಅವತ್ತು ಭಾನುವಾರ. ನಮಗೆ ರಜೆ. ಸೋಮವಾರ ಶಾಲೆ ಇತ್ತು.

"ಏಟು ತಿಂದೇ ನಾವು ಉದ್ಧಾರ ಆದೆವು" ಅನ್ನುವ ಮಾತನ್ನು ನಾನು ಈಗ ಕೇಳಿದಾಗಲೆಲ್ಲ ಒಂದು ಲೆಕ್ಕ ತಲೆಗೆ ಬರುತ್ತದೆ. ಈ ಮಾತು ಹೇಳುವವರು ಉದ್ಧಾರ ಆದವರು ಮಾತ್ರ. ಸಂಘದ ಸಭೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದವರು, ಮೈಕಿನ ಮುಂದೆ ನಿಂತವರು. ಬರಲು ತರಲು ಹೋಗಿ ವಾಪಸ್ಸು ಬಾರದವರು ಸಭೆಗೂ ಬರುವುದಿಲ್ಲ. ಅವರ ಮತ ಎಣಿಸುವವರು ಯಾರು? ಅವರೂ ಒಂಥರಾ ಆ 215 ಮಂದಿಯ ಹಾಗೆ, ಬೇಕು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ವ್ಯತ್ಯಾಸ ಇಷ್ಟೇ, ಇವರಿಗೆ ಯಾರೂ ಮತ ಕೇಳಲೇ ಇಲ್ಲ.

ಇನ್ನು ಆ ಕಾನೂನಿನ ಸ್ವರೂಪವೂ ಕುತೂಹಲದ್ದು. ಮಗುವಿಗೆ ಒಂದು ಏಟು ಕೊಟ್ಟರೆ ಪೊಲೀಸರು ಬಂದು ಎಳೆದುಕೊಂಡು ಹೋಗುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಹಾಗಿಲ್ಲ. ಅವರು ಅದನ್ನು ಬರೆದದ್ದು ತಂದೆತಾಯಿ ಮತ್ತು ಮಕ್ಕಳ ಸಂಬಂಧದ ಸಂಹಿತೆಯಲ್ಲಿ. ಆ ಕಲಮಿನಲ್ಲಿ ಪ್ರತ್ಯೇಕ ಶಿಕ್ಷೆ ಅಂತ ಇರಲಿಲ್ಲ. ಜೋರಾಗಿ ಹೊಡೆದು ಗಾಯ ಮಾಡಿದರೆ ಅದಕ್ಕೆ ಹಲ್ಲೆಯ ಕಾನೂನು ಮೊದಲೇ ಇತ್ತು. ಇದರ ಉದ್ದೇಶ, ಹೊಡೆಯುವುದು ಸರಿಯಲ್ಲ ಅಂತ ದೇಶ ಒಂದು ಸಲ ಗಟ್ಟಿಯಾಗಿ ಹೇಳುವುದು. ಹೇಳಿ ಸುಮ್ಮನಾಗಲಿಲ್ಲ. ಏಟಿಲ್ಲದೆ ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಒಂದು ಪುಟ್ಟ ಪುಸ್ತಿಕೆ ಅಚ್ಚು ಹಾಕಿ ಮಕ್ಕಳಿರುವ ಮನೆ ಮನೆಗೆ ಕಳಿಸಿದರು. ಎರಡು ತಿಂಗಳ ಕಾಲ ಹಾಲಿನ ಡಬ್ಬಿಗಳ ಮೇಲೆ ಈ ವಿಷಯ ಅಚ್ಚಾಯಿತು. ಬೆಳಿಗ್ಗೆ ತಿಂಡಿಗೆ ಅಪ್ಪ, ಅಮ್ಮ, ಮಗು ಕೂತಾಗ ಮೇಜಿನ ನಡುವೆ ಹಾಲಿನ ಡಬ್ಬಿ, ಅದರ ಮೇಲೆ ಹೊಡೆಯಬೇಡಿ ಅಂತ. ಓದಲು ಬರುವ ಮಗು ತಾನೇ ಓದಿಕೊಳ್ಳಬಹುದು! ಎರಡೇ ವರ್ಷದಲ್ಲಿ ಶೇಕಡಾ 90ಕ್ಕೂ ಹೆಚ್ಚು ಮನೆಗಳಿಗೆ ಈ ಕಾನೂನು ಗೊತ್ತಿತ್ತಂತೆ. ಆಮೇಲೆ 1983ರಲ್ಲಿ ಫಿನ್ಲೆಂಡ್, 1987ರಲ್ಲಿ ನಾರ್ವೆ, ಹೀಗೆ ಒಂದೊಂದಾಗಿ ಈಗ ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಕಾನೂನಿದೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು, 2010ರ ಏಪ್ರಿಲ್‌ನಿಂದ ಶಾಲೆಯಲ್ಲಿ ಹೊಡೆಯುವುದು ನಿಷಿದ್ಧ. ಮನೆಯ ಹೊಸಿಲು ದಾಟಿ ಆ ಕಾಯ್ದೆ ಒಳಗೆ ಬರುವುದಿಲ್ಲ.

ಉಲ್‌ಸ್ಟೆನ್ ಕಥೆ ಎಲ್ಲಿಗೆ ಬಿಟ್ಟೆ? ಆ ಕಾನೂನು ಪಾಸಾದ ಮಾರ್ಚ್ ತಿಂಗಳಲ್ಲೇ, 28ರಂದು, ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತ ಆಯಿತು. ಸ್ವೀಡನ್ನಿನ ಅಣುವಿದ್ಯುತ್ ಜಗಳಕ್ಕೆ ಮತ್ತೆ ತುಪ್ಪ ಬಿತ್ತು. ಜನರನ್ನೇ ಕೇಳಿಬಿಡೋಣ ಅಂತ ಎಲ್ಲರೂ ಒಪ್ಪಿ, 1980ರ ಮಾರ್ಚ್ 23ರಂದು ಜನಮತ ಗಣನೆ ನಡೆಯಿತು. ಅಷ್ಟರಲ್ಲಿ ಇವರು ಪ್ರಧಾನಿ ಆಗಿರಲಿಲ್ಲ. 1979ರ ಸೆಪ್ಟೆಂಬರ್ 16ರ ಚುನಾವಣೆಯಲ್ಲಿ ಇವರ ಪಕ್ಷ 39ರಿಂದ 38ಕ್ಕೆ ಇಳಿಯಿತು. ಒಂದು ವರ್ಷ ದೇಶ ಆಳಿದ್ದಕ್ಕೆ ಸಿಕ್ಕ ಬಹುಮಾನ, ಒಂದು ಸೀಟು ನಷ್ಟ! ಮೂರು ಪಕ್ಷಗಳಿಗೆ ಒಟ್ಟು 175, ಎದುರು ಬಣಕ್ಕೆ 174. ಮತ್ತೆ ಮೂರೂ ಪಕ್ಷ ಒಂದಾದವು, ಫೆಲ್ದಿನ್ ಮತ್ತೆ ಪ್ರಧಾನಿ. ಉಲ್‌ಸ್ಟೆನ್? ಅದೇ ಫೆಲ್ದಿನ್ ಕೈಕೆಳಗೆ ವಿದೇಶಾಂಗ ಮಂತ್ರಿ.

ಪ್ರಧಾನಿ ಆಗಿದ್ದವರು ಮಂತ್ರಿ ಆಗುವುದಾ ಅಂತ ಹುಬ್ಬೇರಿಸಬೇಡಿ. ನಮ್ಮ ಮಹಾರಾಷ್ಟ್ರದವರಿಗೆ ಇದು ಹೊಸದಲ್ಲ. 2022ರಲ್ಲಿ ಮಾಜಿ ಮುಖ್ಯಮಂತ್ರಿ ಫಡ್ನವೀಸ್ ಶಿಂಧೆಯವರ ಕೆಳಗೆ ಉಪಮುಖ್ಯಮಂತ್ರಿ ಆದರು, 2024ರ ಡಿಸೆಂಬರಿನಲ್ಲಿ ಅದೇ ಶಿಂಧೆ ಫಡ್ನವೀಸರ ಕೆಳಗೆ. ಉಲ್‌ಸ್ಟೆನ್ ಅದನ್ನು ನಲವತ್ತು ವರ್ಷ ಮೊದಲೇ ಮಾಡಿದ್ದರು. ಅವರು ವಿದೇಶಾಂಗ ಮಂತ್ರಿ ಆಗಿದ್ದಾಗ, 1981ರ ಅಕ್ಟೋಬರ್ ಕೊನೆಯಲ್ಲಿ, ಸೋವಿಯತ್ ಸಬ್‌ಮರೀನ್ ಒಂದು ಸ್ವೀಡನ್ನಿನ ನೌಕಾನೆಲೆಯ ಹತ್ತಿರ ಬಂದು ಬಂಡೆಗೆ ಸಿಕ್ಕಿಹಾಕಿಕೊಂಡಿತು. ಆ ಜಾತಿಯ ಸಬ್‌ಮರೀನ್‌ಗಳಿಗೆ ಪಾಶ್ಚಾತ್ಯರು ಇಟ್ಟ ಹೆಸರು ವಿಸ್ಕಿ. ಪೇಪರಿನವರು ಬಿಡುತ್ತಾರೆಯೇ, 'ವಿಸ್ಕಿ ಆನ್ ದ ರಾಕ್ಸ್' ಅಂತ ಬರೆದರು. ಹತ್ತು ದಿನ ಇಡೀ ಜಗತ್ತು ಅಲ್ಲಿಗೆ ಕಣ್ಣು ನೆಟ್ಟಿತ್ತು. ಅವರ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿ ಆಗಿದ್ದ ಹಾನ್ಸ್ ಬ್ಲಿಕ್ಸ್ ಅವರನ್ನು ನೀವು ಟೀವಿಯಲ್ಲಿ ನೋಡಿಯೇ ಇರುತ್ತೀರಿ. 2003ರ ಇರಾಕ್ ಯುದ್ಧಕ್ಕೆ ಮೊದಲು ಅಲ್ಲಿ ಅಸ್ತ್ರ ಹುಡುಕಲು ಹೋಗಿದ್ದವರು ಅವರೇ. ಶಿಷ್ಯ ಲೋಕಪ್ರಸಿದ್ಧ, ಪ್ರಧಾನಿಯ ಹೆಸರು ಯಾರಿಗೂ ಗೊತ್ತಿಲ್ಲ!

1982ರಲ್ಲಿ ಪಕ್ಷ ಇನ್ನೂ ಕುಸಿಯಿತು, 21 ಸೀಟು. ಮರುವರ್ಷ ಉಲ್‌ಸ್ಟೆನ್ ನಾಯಕತ್ವ ಬಿಟ್ಟರು. ಕೆನಡಾದಲ್ಲಿ ರಾಯಭಾರಿ, ಆಮೇಲೆ ಇಟಲಿಯಲ್ಲಿ ರಾಯಭಾರಿ. 1990ರ ದಶಕದಲ್ಲಿ ಇಂಡೋನೇಷ್ಯಾದ ಎಮಿಲ್ ಸಲೀಂ ಅವರ ಜೊತೆ ಕಾಡುಗಳ ಬಗೆಗಿನ ಒಂದು ಜಾಗತಿಕ ಆಯೋಗದ ಅಧ್ಯಕ್ಷತೆ. ಬರ್ಚ್ ಊರಿನವರಿಗೆ ಒಪ್ಪುವ ಕೆಲಸ. 2018ರ ಮೇ 28ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪಕ್ಷದಿಂದ ಅವರ ನಂತರ ಯಾರೂ ಪ್ರಧಾನಿ ಆಗಿಲ್ಲ.

ಈ ಕಥೆಯನ್ನು ನಾನು ಆ ರಾತ್ರಿ ಶಾಲೆಯ ಸ್ನೇಹಿತರಿಗೆ ಹೇಳಿದೆ. ಅವರಿಗೆ ಪ್ರಧಾನಿಯ ಸುದ್ದಿ ಅಷ್ಟು ರುಚಿಸಲಿಲ್ಲ, ಹಾಲಿನ ಡಬ್ಬಿಯ ವಿಷಯ ಮಾತ್ರ ಎರಡು ಸಲ ಹೇಳಿಸಿಕೊಂಡರು. ಆಮೇಲೆ ನಗುತ್ತಾ ಅಂದರು, "ನಮ್ಮಪ್ಪನಿಗೆ ಓದಲು ಬರ್ತಿರಲಿಲ್ಲ ಮಾರಾಯ್ರೆ. ಬರೆದಿದ್ರೆ ನಾನೇ ಓದಿ ಹೇಳಬೇಕಿತ್ತು. ಅದಕ್ಕೂ ಎರಡು ಬೀಳ್ತಿತ್ತು!" ಸ್ವಲ್ಪ ಹೊತ್ತು ಬಿಟ್ಟು, ನಗು ನಿಂತ ಮೇಲೆ, ಇನ್ನೊಂದು ಮಾತು ಅಂದರು. ಅಪ್ಪ ಸಾಯುವಾಗ ಊರಿಗೆ ಹೋಗಿದ್ದರಂತೆ. ಹಾಸಿಗೆ ಹಿಡಿದಿದ್ದ ಅಪ್ಪನ ಬೆನ್ನು ಒರೆಸಲು ಅಂಗಿ ಸರಿಸಿದಾಗ, ಅಲ್ಲೂ ಹಳೆಯ ಬರೆಗಳು. ಅಜ್ಜನ ಕಾಲದ್ದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಗಾದೆ ಹೇಳುತ್ತೇವೆ. ಬಗ್ಗಿಸುವುದಕ್ಕೂ ಬಡಿಯುವುದಕ್ಕೂ ವ್ಯತ್ಯಾಸ ಇದೆ ಅನ್ನುವುದು ಗಾದೆ ಮಾಡಿದವರಿಗೆ ಗೊತ್ತಿತ್ತು ಅಂತ ಕಾಣುತ್ತದೆ, ನಾವೇ ಸೇರಿಸಿಬಿಟ್ಟೆವು. ಆ ಬೆನ್ನಿನಿಂದ ಈ ಬೆನ್ನಿಗೆ ಹರಿದು ಬಂದದ್ದನ್ನು ಎಲ್ಲೋ ಒಂದು ಕಡೆ ತಡೆಯಬೇಕು. ಅದಕ್ಕೆ ಇಪ್ಪತ್ತಮೂರು ವರ್ಷದ ಗಟ್ಟಿ ಸರ್ಕಾರವೇ ಬೇಕು ಅಂತೇನಿಲ್ಲ. ಇಡೀ ದೇಶದಲ್ಲಿ 39 ಜನ ಮಾತ್ರ ಬೇಕು ಅಂದ, ನಾಳೆ ಹೋಗಲಿರುವ ಸರ್ಕಾರವೊಂದು ಮುಂದೆ ಬಂದ ಫೈಲಿಗೆ ಸಹಿ ಹಾಕಿದರೂ ಆಗುತ್ತದೆ.

ನಿಮ್ಮ ಊರಿನಲ್ಲಿ ಹೇಗಿತ್ತು? ಲಕ್ಕಿಯೋ, ಹುಣಸೆಯೋ, ನಾಗರಬೆತ್ತವೋ? ತರಲು ಯಾರನ್ನು ಕಳಿಸುತ್ತಿದ್ದರು? ಹೋದವರೆಲ್ಲ ವಾಪಸ್ಸು ಬಂದಿದ್ದರಾ?